ಕಾಲೇಜಿನ ಕ್ಲೈಂಬಿಂಗ್ ಕ್ಲಬ್ ಸೇರಬೇಕಾ? ಮೊದಲು ಇದನ್ನ ಓದಿ

ತುಮಕೂರಲ್ಲಿ ಓದುತ್ತಾ ಬೆಟ್ಟ ಹತ್ತೋ ಹುಚ್ಚು ಹಿಡಿದರೆ ಜಾಗಕ್ಕೇನೂ ಬರ ಇಲ್ಲ. ದೇವರಾಯನದುರ್ಗ ಪಕ್ಕದಲ್ಲೇ ಇದೆ, ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಬೆಳಗ್ಗೆ ಬಸ್ ಹತ್ತಿ ಸಂಜೆಯೊಳಗೆ ವಾಪಸ್ ಬರಬಹುದು. ಆದರೆ ಮೆಟ್ಟಿಲು ಹತ್ತೋದು ಬೇರೆ, ಹಗ್ಗ ಕಟ್ಟಿಕೊಂಡು ಬಂಡೆ ಹತ್ತೋದು ಬೇರೆ ಅಲ್ವಾ? ಎರಡನೆಯದಕ್ಕೆ ಕಲಿಸೋರು ಬೇಕು.

ಕ್ಲಬ್ ಇದೆಯಾ ಅಂತ ದೈಹಿಕ ಶಿಕ್ಷಣ ವಿಭಾಗದಲ್ಲಿ ಕೇಳಿ. ಇಲ್ಲ ಅಂದರೆ ಎನ್‌ಸಿಸಿ ಸೇರಿ, ಅಲ್ಲಿಂದ ಪರ್ವತಾರೋಹಣ ಕೋರ್ಸ್‌ಗಳಿಗೆ ಕೆಡೆಟ್‌ಗಳನ್ನು ಕಳಿಸುತ್ತಾರೆ. ಬೆಂಗಳೂರಲ್ಲಿ ಸರ್ಕಾರದ್ದೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯೂ ಇದೆ.

ದುಡ್ಡು ಕಟ್ಟೋ ಮುಂಚೆ ಸೀನಿಯರ್‌ಗಳನ್ನ ಕೇಳಬೇಕಾದ್ದು ಫೀಸ್ ಎಷ್ಟು ಅಂತ ಮಾತ್ರ ಅಲ್ಲ. ಹಗ್ಗ ಯಾವ ವರ್ಷದ್ದು, ಅದನ್ನು ಪರೀಕ್ಷೆ ಮಾಡೋರು ಯಾರು, ಎಲ್ಲರಿಗೂ ಹೆಲ್ಮೆಟ್ ಇದೆಯಾ, ಹೇಳಿಕೊಡೋರು ಎಲ್ಲಿ ಕೋರ್ಸ್ ಮಾಡಿದ್ದಾರೆ. "ಅದೆಲ್ಲ ಏನೂ ಆಗಲ್ಲ ಬಾ ಮಗಾ" ಅಂದರೆ ಸುಮ್ನೆ ಎದ್ದು ಬನ್ನಿ.

ಮೊದಮೊದಲು ಬರೀ ಗಂಟು ಹಾಕಿಸುತ್ತಾರೆ. ಬೇಜಾರು ಮಾಡ್ಕೋಬೇಡಿ. ಹಾರ್ನೆಸ್‌ಗೆ, ಅಂದರೆ ಸೊಂಟಕ್ಕೂ ತೊಡೆಗೂ ಹಾಕಿಕೊಳ್ಳೋ ಪಟ್ಟಿಗೆ, ಕಟ್ಟೋ ಫಿಗರ್ ಎಯ್ಟ್ (8ರ ಆಕಾರದ) ಗಂಟಿನಲ್ಲಿ ಹಗ್ಗದ ಎರಡೂ ಎಳೆ ಎಲ್ಲೂ ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕ ಹೋಗಬೇಕು, ತುದಿ ಒಂದು ಗೇಣಷ್ಟು ಉಳಿಯಬೇಕು, ಹತ್ತೋ ಮುಂಚೆ ಜೊತೆಗಾರ ಅದನ್ನ ಕೈಯಿಂದ ಮುಟ್ಟಿ ನೋಡಬೇಕು. ಆಮೇಲೆ ಬಿಲೇ, ಅಂದರೆ ಹತ್ತುವವರ ಹಗ್ಗವನ್ನು ಕೆಳಗಿನಿಂದ ಹಿಡಿಯೋ ಕೆಲಸ. ಬ್ರೇಕ್ ಕಡೆಯ ಹಗ್ಗದಿಂದ, ಅಂದರೆ ಹತ್ತೋರು ಜಾರಿದರೆ ತಡೆಯೋಕೆ ಹಿಡಿದಿರೋ ತುದಿಯಿಂದ, ಕೈ ಒಂದು ಕ್ಷಣವೂ ತೆಗೆಯೋ ಹಾಗಿಲ್ಲ, ಫೋನ್ ಬಂದರೂ ಅಷ್ಟೇ. ನನ್ನ ಲೆಕ್ಕದಲ್ಲಿ ಚೆನ್ನಾಗಿ ಬಂಡೆ ಹತ್ತೋರಿಗಿಂತ ಚೆನ್ನಾಗಿ ಬಿಲೇ ಮಾಡೋರಿಗೇ ಕ್ಲಬ್‌ನಲ್ಲಿ ಬೆಲೆ ಜಾಸ್ತಿ.

ಶುರುವಿನಲ್ಲೇ ದುಬಾರಿ ಶೂ ಕೊಳ್ಳಬೇಡಿ, ಕ್ಲಬ್‌ನದ್ದು ಹಾಕಿಕೊಳ್ಳಿ. ಜೀನ್ಸ್ ಬೇಡ, ಮಂಡಿ ಎತ್ತೋಕಾಗಲ್ಲ. ಉಂಗುರ ತೆಗೆದಿಡಿ, ಬಂಡೆಗೆ ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಬಂಡೆ ಬೇಗ ಕಾಯುತ್ತೆ, ಬೆಳಕು ಹರಿಯೋ ಹೊತ್ತಿಗೇ ಶುರು ಮಾಡಿ.

ಹಿಮಾಲಯದ ಆಸೆ ಇದ್ದರೆ ಡಾರ್ಜಿಲಿಂಗ್‌ನಲ್ಲಿ 1954ರಿಂದ, ಉತ್ತರಕಾಶಿಯಲ್ಲಿ 1965ರಿಂದ ಪರ್ವತಾರೋಹಣ ಸಂಸ್ಥೆಗಳಿವೆ. ಬೇಸಿಕ್ ಕೋರ್ಸ್ ಸುಮಾರು ನಾಲ್ಕು ವಾರ. ಸೀಟು ಬೇಗ ಭರ್ತಿಯಾಗುತ್ತೆ, ತಿಂಗಳುಗಳ ಮುಂಚೆಯೇ ಅರ್ಜಿ ಹಾಕಿ. ಬೇಸಿಕ್ ಕೋರ್ಸ್‌ನಲ್ಲಿ 'ಎ' ಗ್ರೇಡ್ ಬಂದರೆ ಮಾತ್ರ ಮುಂದಿನ ಅಡ್ವಾನ್ಸ್ ಕೋರ್ಸ್, ಹಾಗಾಗಿ ಬೆನ್ನಿಗೆ ಭಾರದ ಬ್ಯಾಗ್ ಹಾಕಿಕೊಂಡು ದೇವರಾಯನದುರ್ಗ ಹತ್ತಿ ಇಳಿಯೋದನ್ನ ಈಗಲೇ ಶುರು ಮಾಡಿ.