ಅವ್ವನಿಗೆ ಕೌನ್ಸೆಲರ್ ಹುಡುಕಿದ ಕಥೆ: ಹನ್ನೊಂದು ಫೋನು, ಒಂದು ನೋಟ್‌ಬುಕ್

ಫೀಸು ಕಟ್ಟುವ ಮೊದಲು ಕೌನ್ಸೆಲರ್‌ಗೆ ಫೋನ್ ಮಾಡಿ ಅವರ ಓದು, ಅನುಭವ ವಿಚಾರಿಸುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ಬೈದರು. "ಅವರನ್ನ ನೀನು ಇಂಟರ್‌ವ್ಯೂ ಮಾಡ್ತಿಯೇನು?" ಅಂದರು ಚಿಕ್ಕಪ್ಪ. ಮಾಡಿದೆ. ಹನ್ನೊಂದು ಜನರನ್ನು ಮಾಡಿದೆ. ಈಗ ಅವ್ವ ರಾತ್ರಿ ಆರು ತಾಸು ಮಲಗುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಸೈಕಿಯಾಟ್ರಿಸ್ಟ್ ಅಂದರೆ ಮಾತ್ರೆ ಬರೆಯುವ ಮನಸ್ಸಿನ ಡಾಕ್ಟರು; ಸೈಕಾಲಜಿಸ್ಟ್, ಕೌನ್ಸೆಲರ್ ಅಂದರೆ ಮಾತ್ರೆ ಬರೆಯದೆ ಮಾತಿನಿಂದ ನೆರವಾಗುವವರು.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. ಅಪ್ಪ ತೀರಿಕೊಂಡ ಮೇಲೆ ಅವ್ವನ ನಿದ್ದೆ ಹೋಯಿತು. ದಾವಣಗೆರೆಯಲ್ಲೇ ಒಬ್ಬರ ಹತ್ತಿರ ಹೋದೆವು. ಗೋಡೆ ತುಂಬಾ ಸರ್ಟಿಫಿಕೇಟು, ಹೆಸರಿನ ಮುಂದೆ 'ಡಾ.' ಹತ್ತು ಸಿಟ್ಟಿಂಗ್‌ಗೆ ಸುಮಾರು 18 ಸಾವಿರ ಮುಂಗಡ ಕಟ್ಟಿದೆ. ಅವ್ವ ಹೇಳಿದ್ದು ಇಷ್ಟೇ: "ಎದಿ ಮ್ಯಾಲೆ ಕಲ್ಲಿಟ್ಟಂಗ ಆಗತೈತ್ರಿ. ಸಂಜಿ ಆತಂದ್ರ ಜೀವ ಹಾರತೈತಿ." ಅವರು "ಆಂಟಿ, ಇದು ಆಂಕ್ಸೈಟಿ, ದಿನಾ ಜರ್ನಲಿಂಗ್ ಮಾಡಿ" ಅಂತ, ಮನಸ್ಸಿನಲ್ಲಿದ್ದದ್ದನ್ನು ಬರೆಯಲು ದಪ್ಪ ಡೈರಿ ಕೊಟ್ಟರು. ಅವ್ವ ಓದಿದ್ದು ನಾಲ್ಕನೇ ಕ್ಲಾಸು. ಮನೆಗೆ ಬಂದು ಅದರ ಮೊದಲ ಪುಟದಲ್ಲಿ ಹಾಲಿನ ಲೆಕ್ಕ ಬರೆದಳು.

ಮೂರು ಸಲಕ್ಕೆ ಬಿಟ್ಟೆವು. ಉಳಿದ ದುಡ್ಡು ವಾಪಸ್ ಬರಲಿಲ್ಲ. ಹೊರಗೆ ಕಾಯುವಾಗ ತೆಗೆದಿದ್ದ ಫೋಟೊ ದೊಡ್ಡದು ಮಾಡಿ ನೋಡಿದರೆ ಒಂದು ಎರಡು ದಿನದ ವರ್ಕ್‌ಶಾಪಿನ ಸರ್ಟಿಫಿಕೇಟು, ಇನ್ನೊಂದು ಆರು ತಿಂಗಳ ಆನ್‌ಲೈನ್ ಡಿಪ್ಲೊಮಾ. ಡಾಕ್ಟರೇಟು ಬೇರೆ ಯಾವುದೋ ವಿಷಯದ್ದು.

ಆಮೇಲೆ ಫೋನಿನಲ್ಲೇ ಕೌನ್ಸೆಲಿಂಗ್ ಮಾಡುವ ಒಂದು ಆ್ಯಪ್. ನಾಲ್ಕೈದು ಸಾವಿರ ಹೋಯಿತು. ಮೂರು ವಾರ, ಮೂರು ಬೇರೆ ಬೇರೆ ಜನ. ಅಪ್ಪ ಸತ್ತ ದಿನದ್ದನ್ನು ಅವ್ವ ಮೂರು ಸಲ ಮೊದಲಿನಿಂದ ಹೇಳಬೇಕಾಯಿತು. ನನಗೆ ಇವತ್ತಿಗೂ ಹೆಚ್ಚು ನೋವಾಗುವುದು ಅದೇ.

ಅಲ್ಲಿಂದ ನೋಟ್‌ಬುಕ್ ಶುರು. ಮೊದಲು ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ, ಇಂಥ ಕೆಲಸದವರನ್ನು ನೋಂದಾಯಿಸುವ ಕೇಂದ್ರದ ಸಂಸ್ಥೆ) ಕೊಡುವ ನಂಬರ್ ಒಂದನ್ನೇ ನೋಡುತ್ತಿದ್ದೆ. ಅದರಲ್ಲೂ ಎಡವಿದೆ. ಒಬ್ಬರು ನಂಬರ್ ಕೊಟ್ಟರು, ವೆಬ್‌ಸೈಟಿನಲ್ಲಿ ಹೆಸರು ಸಿಕ್ಕಿತು, ಖುಷಿಯಾಗಿ ಹೋದೆವು. ವರ್ಗ ನೋಡಿರಲಿಲ್ಲ. ಆ ಪಟ್ಟಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಷ್ಟೇ (ಮಾನಸಿಕ ತೊಂದರೆ ಪರೀಕ್ಷಿಸಿ ಮಾತಿನಿಂದ ಚಿಕಿತ್ಸೆ ಕೊಡಲು ತರಬೇತಿ ಪಡೆದವರು) ಇರಲ್ಲ. ವಿಶೇಷ ಮಕ್ಕಳಿಗೆ ಪಾಠ ಮಾಡುವವರೂ ಇರ್ತಾರೆ, ಮಾತು-ಕಿವಿ ಪರೀಕ್ಷೆ ಮಾಡುವವರೂ ಇರ್ತಾರೆ. ನಾವು ಹೋದವರು ವಿಶೇಷ ಶಿಕ್ಷಕರು. ಒಳ್ಳೆಯ ಕೆಲಸವೇ, ಆದರೆ ನಮಗೆ ಬೇಕಾದದ್ದು ಅದಲ್ಲ. ಆವತ್ತಿನಿಂದ ವರ್ಗ, ನವೀಕರಣದ ತಾರೀಕು ಎರಡನ್ನೂ ಬರೆದುಕೊಳ್ಳುತ್ತೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ನಂಬರ್ 14416. ರಾತ್ರಿ ಎರಡು ಗಂಟೆಗೆ ಫೋನ್ ಹಚ್ಚಿ ಅವ್ವನ ಕೈಗೆ ಕೊಟ್ಟೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಇಪ್ಪತ್ತು ನಿಮಿಷ ಆದಮೇಲೆ ಅವ್ವ "ಛಲೋ ಮಾತಾಡಿದ್ಳವ್ವ ಹುಡುಗಿ" ಅಂದಳು. ವಾರ ವಾರ ಕೂತು ಮಾಡುವ ಕೆಲಸಕ್ಕೆ ಅದು ಸಾಲದು. ಆದರೆ ಮೊದಲು ಸರ್ಕಾರಿ ಆಸ್ಪತ್ರೆಯ ಸೈಕಿಯಾಟ್ರಿಸ್ಟ್‌ಗೆ ತೋರಿಸಿ ಅಂತ ಹೇಳಿದ್ದು ಅವರೇ. ತೋರಿಸಿದೆ. ಚೀಟಿಗೆ ಚಿಲ್ಲರೆ ದುಡ್ಡು. ಆ ಡಾಕ್ಟರು ಮೊದಲು ಬರೆದದ್ದು ರಕ್ತ ಪರೀಕ್ಷೆ. ಥೈರಾಯ್ಡ್ ಸರಿ ಇತ್ತು, ವಿಟಮಿನ್ ಬಿ12 ತೀರಾ ಕಮ್ಮಿ ಇತ್ತು. ಸಣ್ಣ ಡೋಸಿನ ಒಂದು ಮಾತ್ರೆಯನ್ನೂ ಶುರು ಮಾಡಿದರು. ಆ 18 ಸಾವಿರ ತಗೊಂಡವರು ಇದನ್ನೆಲ್ಲ ಕೇಳಲೇ ಇಲ್ಲ. ಬೆಂಗಳೂರಿಗೆ, ನಿಮ್ಹಾನ್ಸ್‌ಗೇ ಹೋಗೋಣ ಅಂತ ತಂಗಿ ಹಟ ಹಿಡಿದಿದ್ದಳು. ನಮ್ಮ ಊರಲ್ಲೇ ಆಗುವ ಕೆಲಸ ಇದು ಅಂತ ನಾನು ಗಟ್ಟಿಯಾಗಿ ನಿಂತೆ. ನಿಂತದ್ದು ಸರಿಯಾಯಿತು.

ಇನ್ನು ಕೌನ್ಸೆಲರ್. ಫೋನಿನಲ್ಲಿ ನಾನು ಕೇಳುತ್ತಿದ್ದದ್ದು ಐದು ಪ್ರಶ್ನೆ. ಯಾವ ಡಿಗ್ರಿ, ರೆಗ್ಯುಲರ್ರಾ, ಎಷ್ಟು ವರ್ಷದ್ದು. ಓದುವಾಗ ಯಾವ ಆಸ್ಪತ್ರೆಯಲ್ಲಿ ಕೂತು ಕಲಿತಿರಿ. ಈಗಲೂ ನಿಮ್ಮ ಕೆಲಸ ನೋಡಿ ತಿದ್ದುವ ಹಿರಿಯರು ಇದ್ದಾರಾ. ಎಂಥ ಕೇಸನ್ನು ನೀವು ತಗೊಳ್ಳಲ್ಲ. ಐದನೆಯದನ್ನು ಇಲ್ಲಿ ಬರೆಯಲ್ಲ. ಬರೆದರೆ ಉತ್ತರ ಬಾಯಿಪಾಠ ಆಗುತ್ತೆ, ಆಮೇಲೆ ಅದು ಕೆಲಸಕ್ಕೆ ಬರಲ್ಲ. ನಾಲ್ಕನೆಯದಕ್ಕೆ "ಎಲ್ಲಾ ನೋಡ್ತೀವಿ" ಅಂದವರ ಹೆಸರನ್ನು ಅಲ್ಲೇ ಹೊಡೆದು ಹಾಕಿದೆ. ಹಾಗೆ ಅಂದವರು ಐದಾರು ಜನ. ಇಬ್ಬರು ಸಿಟ್ಟಾಗಿ ಫೋನ್ ಇಟ್ಟರು. ಒಬ್ಬರು ಗ್ಯಾರಂಟಿ ಕೊಟ್ಟರು. ಅವರನ್ನೂ ಬಿಟ್ಟೆ.

ಕೊನೆಗೆ ಸಿಕ್ಕವರಿಗೆ ಆರ್‌ಸಿಐ ನಂಬರೇ ಇಲ್ಲ. ಚಿಕ್ಕಪ್ಪ ಜಗಳಕ್ಕೇ ಬಂದರು: "ಇಷ್ಟೆಲ್ಲಾ ಹುಡುಕಿ ನಂಬರ್ ಇಲ್ಲದವರನ್ನ ಹಿಡಿದೆಯಾ?" ಈ ಕೌನ್ಸೆಲರ್ ಎರಡು ವರ್ಷ ರೆಗ್ಯುಲರ್ ಆಗಿ ಎಂ.ಎಸ್ಸಿ. ಕೌನ್ಸೆಲಿಂಗ್ ಮಾಡಿದವರು. ಆ ನಂಬರ್ ಬೇಕಾಗಿರುವುದು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರಿಗೆ. ಇವರು ತಾವು ಅದಲ್ಲ ಅಂತ ಕೇಳುವ ಮೊದಲೇ ಹೇಳಿದರು. "ಮಾತ್ರೆ ವಿಷಯ ಡಾಕ್ಟರದ್ದು, ನಾನು ಬಾಯಿ ಹಾಕಲ್ಲ. ಮತ್ತೆ, ನಿಮ್ಮ ತಾಯಿ ಇದಕ್ಕೆ ಒಪ್ಪಿದಾರಾ?" ಅಂದರು. ಹನ್ನೊಂದು ಜನರಲ್ಲಿ ಅದನ್ನು ಕೇಳಿದ್ದು ಅವರೊಬ್ಬರೇ.

ಮೊದಲ ದಿನ ಅವ್ವ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಕೌನ್ಸೆಲರ್ ಕಾಯಿಲೆಗೆ ಹೆಸರಿಟ್ಟು ಏನೂ ಹೇಳಲಿಲ್ಲ. "ಸಂಜೆಗೆ ಜೀವ ಹಾರುತ್ತೆ ಅಂದ್ರಲ್ಲ ಅಮ್ಮಾ, ಮೊದಲೆಲ್ಲ ಆ ಹೊತ್ತಿಗೆ ಏನು ಮಾಡ್ತಿದ್ರಿ?" ಅಂದರು. ಅವ್ವ ಸೆರಗಿನ ಅಂಚು ಸುತ್ತುತ್ತಾ ಸುಮ್ನೆ ಕೂತಿದ್ದಳು. ಆಮೇಲೆ, "ಅವರು ಮಿಲ್ಲಿನಿಂದ ಬರೋ ಹೊತ್ತು. ಚಾಕ್ಕ ನೀರಿಡ್ತಿದ್ದೆ" ಅಂದಳು. ಎಂಟು ತಿಂಗಳಲ್ಲಿ ಅವಳು ಅತ್ತದ್ದು ನಾನು ನೋಡಿದ್ದು ಅವತ್ತೇ. ಅವರು ಟೈಮ್ ನೋಡಲಿಲ್ಲ.

ಒಂದು ಸಿಟ್ಟಿಂಗ್‌ಗೆ 800 ರೂಪಾಯಿ, ಆಯಾ ದಿನದ್ದು ಆಯಾ ದಿನ. ಸುಮಾರು ಹನ್ನೆರಡು ಸಿಟ್ಟಿಂಗ್ ಆಗಿವೆ, ಒಟ್ಟು ಹತ್ತು ಸಾವಿರದ ಒಳಗೇ. ಆರನೆಯದರ ಹೊತ್ತಿಗೆ ನಿದ್ದೆ ಹತ್ತಲು ಶುರುವಾಯಿತು. ಈಗ ತಿಂಗಳಿಗೊಂದು ಸಲ, ಸಿಟಿ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತಾಳೆ. ಮಾತ್ರೆ ಕಮ್ಮಿ ಮಾಡುವುದರ ಬಗ್ಗೆ ದೀಪಾವಳಿ ಆದಮೇಲೆ ನೋಡೋಣ ಅಂದಿದ್ದಾರೆ ಡಾಕ್ಟರು.