ಪೆಟ್ರೋಲ್ 1 ರೂಪಾಯಿ ಏರಿದರೆ ನನಗೀಗ 12 ರೂಪಾಯಿಯಷ್ಟೇ ಹೊರೆ

ನನ್ನ ಮನೆ ಅಣ್ಣಿಗೇರಿಯಲ್ಲಿ, ಕೆಲಸ ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಲೇಥ್ ಶಾಪಿನಲ್ಲಿ. ಹೋಗಿ ಬರಲು ದಿನಕ್ಕೆ 75 ಕಿ.ಮೀ. ಆಗುತ್ತೆ. ತಿಂಗಳಿಗೆ 26 ದಿನ, ಬೈಕಿನ ಮೈಲೇಜು 45. ಅಂದರೆ 43 ಲೀಟರ್ ಪೆಟ್ರೋಲ್. ದರ 1 ರೂಪಾಯಿ ಏರಿದರೆ ನನ್ನ ಜೇಬಿನಿಂದ 43 ರೂಪಾಯಿ ಹೋಗುತ್ತಿತ್ತು.

2021ರಲ್ಲಿ ಲೀಟರ್ ನೂರು ದಾಟಿದಾಗ ತಿಂಗಳ ಪೆಟ್ರೋಲ್ ಖರ್ಚು 4,300ಕ್ಕೆ ಬಂತು. ಸಂಬಳ ಆಗ 16 ಸಾವಿರದ ಆಸುಪಾಸು. ಮಗಳ ಟ್ಯೂಷನ್ ನಿಲ್ಲಿಸಬೇಕಾಯಿತು. ಆ ಬೇಸರ ಇನ್ನೂ ಹೋಗಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನಲವಡಿಯ ಒಬ್ಬರ ಜೊತೆ ಪಾಳಿ ಹಾಕಿಕೊಂಡು ಒಂದೇ ಬೈಕಿನಲ್ಲಿ ಓಡಾಡಿದೆವು. ಅವರು ರಜೆ ಹಾಕಿದ ದಿನದ ಪೆಟ್ರೋಲ್ ಯಾರದು ಅನ್ನುವ ಮಾತಿನಲ್ಲಿ ಮೂರು ತಿಂಗಳಿಗೆ ಮುರಿಯಿತು. 600 ರೂಪಾಯಿ ಬರಬೇಕಿತ್ತು, ಬಿಟ್ಟುಬಿಟ್ಟೆ. ಆಮೇಲೆ ಕಾರ್ಬುರೇಟರ್ ಬಿಗಿ ಮಾಡಿಸಿದೆ. ಮೈಲೇಜು ಮೂರು ಏರಿತು ನಿಜ, ಆದರೆ ಎಂಜಿನ್ ಕಾದು ಕಾದು ಕೊನೆಗೆ ಮೆಕ್ಯಾನಿಕ್‌ಗೆ 1,800 ಕೊಟ್ಟೆ. ದರ ಏರುವ ಹಿಂದಿನ ರಾತ್ರಿ ಬಂಕಿನಲ್ಲಿ ಸಾಲು ನಿಂತಿದ್ದೂ ಇದೆ. 10 ಲೀಟರ್ ಟ್ಯಾಂಕಿಗೆ ಉಳಿಯುವುದು ಎಷ್ಟು, ನೀವೇ ಲೆಕ್ಕ ಹಾಕಿ.

ಭಾವಮೈದುನನ ಎಲೆಕ್ಟ್ರಿಕ್ ಸ್ಕೂಟರ್ ತಂದು ಒಂದು ವಾರ ಓಡಿಸಿದೆ. ಅದು ಆಷಾಢ. ಬೆಳಿಗ್ಗೆ ಹುಬ್ಬಳ್ಳಿಗೆ ಹೋಗುವಾಗ ಪಡುವಣ ಗಾಳಿ ಎದೆಗೇ ಹೊಡೆಯುತ್ತೆ. ಸುತ್ತ ಬಯಲು ಎರೆ ಹೊಲ, ತಡೆಯಲು ಒಂದು ಮರ ಇಲ್ಲ. ಚಾರ್ಜು ಕಣ್ಣೆದುರೇ ಇಳಿಯಿತು. ಕೆಲಸದ ಜಾಗದಲ್ಲಿ ಪ್ಲಗ್ ಕೇಳಿದರೆ ಕೊಡಲಿಲ್ಲ.

ಈ ಗಾಳಿಯ ಲೆಕ್ಕ ನನ್ನ ತಲೆಗೆ ಹೊಕ್ಕಿತು. ಬೈಕಿಗೆ ಅಣ್ಣಿಗೇರಿಯಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಹುಬ್ಬಳ್ಳಿಯಲ್ಲಿ ಮತ್ತೆ ಫುಲ್ ಮಾಡಿಸಿ ನೋಡಿದೆ. ಆಷಾಢದಲ್ಲಿ ಹೋಗುವಾಗ 39, ಬರುವಾಗ 48. ವೇಗ 65ರಿಂದ 50ಕ್ಕೆ ಇಳಿಸಿದರೆ ಹೋಗುವಾಗಲೂ 43 ಬರುತ್ತೆ. ಹತ್ತು ನಿಮಿಷ ಬೇಗ ಹೊರಡಬೇಕು, ಅಷ್ಟೇ. ಈಗಲೂ ಬೈಕ್ ತೆಗೆದ ದಿನ ಹಾಗೇ ಓಡಿಸುತ್ತೇನೆ.

ಆದರೂ 43 ಲೀಟರ್ ಇಳಿಸಿದ್ದು ರೈಲು. ಧಾರವಾಡದಿಂದ ಬರುವವರಿಗೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ ಇದೆ, ನಮ್ಮ ದಾರಿಗೆ ಇಲ್ಲ. ಸಾದಾ ಬಸ್ಸೂ ಡೀಸೆಲ್ಲಿನದೇ. 2025ರ ಜನವರಿಯಲ್ಲಿ ಟಿಕೆಟ್ ದರ ಶೇ. 15 ಏರಿತು. ನಮ್ಮ ಮನೆಯವರು ಗದಗಿಗೆ ಹೋಗುತ್ತಾರೆ, ಅವರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ನನಗೆ ಅದಿಲ್ಲ ಅಲ್ವಾ. ರೈಲಿನ ತಿಂಗಳ ಪಾಸಿಗೆ ಇನ್ನೂರರ ಆಸುಪಾಸು ಕೊಡುತ್ತೇನೆ. 2025ರ ಜುಲೈನಲ್ಲಿ ರೈಲು ದರ ಏರಿದಾಗಲೂ ಪಾಸಿನ ದರ ಮುಟ್ಟಲಿಲ್ಲ.

"ರೈಲ ನಂಬಿ ನೌಕರಿ ಕಳಕೋಬ್ಯಾಡ್ರಿ ಅಣ್ಣಾ" ಅಂತ ಶಾಪಿನ ಹುಡುಗರು ಹೇಳಿದ್ದರು. ಮೊದಲ ತಿಂಗಳು ನಾಲ್ಕು ಸಲ ತಡವಾಗಿ ಅರ್ಧ ದಿನದ ಸಂಬಳ ಕಟ್ ಆಯಿತು. ತೊಂದರೆ ರೈಲಿನದಲ್ಲ, ಸ್ಟೇಷನ್ನಿನಿಂದ ಗೋಕುಲ ರೋಡಿನವರೆಗಿನದು. ಆಟೋಗೆ ದಿನಾ ಕೊಟ್ಟರೆ ಉಳಿದಿದ್ದೆಲ್ಲ ಅಲ್ಲೇ ಹೋಗುತ್ತೆ. 2,200ಕ್ಕೆ ಹಳೇ ಸೈಕಲ್ ಕೊಂಡು ಹುಬ್ಬಳ್ಳಿಯಲ್ಲೇ ಬಿಟ್ಟೆ. ಬೀಗ ಹಾಕಿ ಎಲ್ಲಿ ನಿಲ್ಲಿಸುತ್ತೇನೆ ಅಂತ ಹೇಳಲ್ಲ. ಅಲ್ಲಿ ಜಾಗ ಇರುವುದು ಎರಡು ಸೈಕಲ್ಲಿಗೆ ಮಾತ್ರ. ಪಾಳಿಯ ಸಮಯ ಇಪ್ಪತ್ತು ನಿಮಿಷ ಹಿಂದೆಮುಂದೆ ಮಾಡಲು ಮಾಲೀಕರನ್ನು ಹೇಗೆ ಒಪ್ಪಿಸಿದೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಈಗ ಓವರ್‌ಟೈಮ್ ಇದ್ದಾಗ, ರೈಲು ತಪ್ಪಿದಾಗ ಸೇರಿ ತಿಂಗಳಿಗೆ ಐದಾರು ದಿನ ಬೈಕ್. ಉಳಿದ ದಿನ ಅದು ಊರಿನ ಸ್ಟೇಷನ್ ತನಕ ಮಾತ್ರ. ಒಟ್ಟು 12 ಲೀಟರ್. 2024ರ ಜೂನ್‌ನಲ್ಲಿ ರಾಜ್ಯದ ತೆರಿಗೆ ಏರಿ ಪೆಟ್ರೋಲ್ ಮೂರು ರೂಪಾಯಿ ಜಾಸ್ತಿಯಾದಾಗ ಶಾಪಿನಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತಿದ್ದರು. ನನಗೆ ಬಿದ್ದದ್ದು 36 ರೂಪಾಯಿ. ಅವತ್ತೇ ಇಬ್ಬರು ಬಂದು ಪಾಸ್ ಮಾಡಿಸುವುದು ಹೇಗೆ ಅಂತ ಕೇಳಿದರು. ಮಗಳು ಮತ್ತೆ ಟ್ಯೂಷನ್ನಿಗೆ ಹೋಗುತ್ತಿದ್ದಾಳೆ.