ತೋಟದ ದಾರಿಗೂ ಮನೆಮಂದಿಗೂ ಹೊಂದುವ ಹಳೆಯ ಫೋರ್ ಬೈ ಫೋರ್: ನಾನು ಆರಿಸಿದ ಬಗೆ

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಪೆರ್ಲದ ಡಾಮರು ರಸ್ತೆಯಿಂದ ನಮ್ಮ ಮನೆಗೆ ಇಳಿಯುವ ದಾರಿ ಮುರಕಲ್ಲನ್ನೇ ಕಡಿದು ಮಾಡಿದ್ದು. ಬೇಸಗೆಯಲ್ಲಿ ಯಾವ ಕಾರಾದರೂ ಬಂದುಹೋಗುತ್ತದೆ. ಜೂನ್ ಕಳೆದು ಆಟಿ (ತುಳುವರ ಮಳೆಗಾಲದ ತಿಂಗಳು) ಬರುವಷ್ಟರಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿ, ಅದರ ಮೇಲೆ ಗುಡ್ಡದಿಂದ ಹರಿದುಬಂದ ಕೆಂಪು ಕೆಸರು ನಿಂತು, ಎರಡೇ ಚಕ್ರಗಳಿಗೆ ಶಕ್ತಿ ಹೋಗುವ ವಾಹನ ಖಾಲಿಯಿದ್ದರೂ ಏರು ಹತ್ತಲಾರದೆ ನಿಲ್ಲುತ್ತದೆ. ನಮಗೆ ಬೇಕಾದದ್ದು ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ಫೋರ್ ಬೈ ಫೋರ್. ಅದೇ ವಾಹನದಲ್ಲಿ ವಯಸ್ಸಾದ ತಾಯಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು, ಅಗತ್ಯ ಬಿದ್ದಾಗ ಗೊಬ್ಬರದ ಚೀಲವನ್ನೂ ತರಬೇಕು. ಗಡಿಭಾಗದ ನಮ್ಮಂಥ ಕೃಷಿಕರ ಮನೆಗಳಿಗೆ ಇಂಥ ವಾಹನ ಶೋಕಿಯ ವಸ್ತುವಲ್ಲ. ಹೊಸತನ್ನು ಕೊಳ್ಳುವ ಶಕ್ತಿ ಇಲ್ಲದವರು ಹಳೆಯದನ್ನು ಹೇಗೆ ನೋಡಿ ಕೊಳ್ಳಬಹುದು ಎಂಬುದನ್ನು ನಾನು ಮಾಡಿದ ರೀತಿಯಲ್ಲಿಯೇ ಇಲ್ಲಿ ಬರೆದಿದ್ದೇನೆ.

ಮೊದಲು ತೀರ್ಮಾನಿಸಿದ್ದು ಯಾವ ಬಗೆಯ ವಾಹನ ಎಂಬುದನ್ನು. ನಾಲ್ಕು ಚಕ್ರಗಳಿಗೂ ಶಕ್ತಿ ಹೋದರೆ ಸಾಲದು, ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಲೋ ರೇಂಜ್ ಗೇರು ಇರಲೇಬೇಕು ಎಂಬುದು ನನ್ನ ಮೊದಲ ಷರತ್ತಾಗಿತ್ತು. ಏರು ಹತ್ತುವುದಕ್ಕಿಂತಲೂ ಇಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ. ಜಾರುವ ಕಲ್ಲಿನ ಮೇಲೆ ಬ್ರೇಕು ಒತ್ತಿದರೆ ಚಕ್ರ ಕಚ್ಚಿ ವಾಹನವೇ ಜಾರುತ್ತದೆ. ಲೋ ರೇಂಜಿನ ಮೊದಲ ಗೇರಿನಲ್ಲಿ ಬ್ರೇಕನ್ನು ಮುಟ್ಟದೆ ಇಳಿದರೆ ಎಂಜಿನ್ನೇ ವಾಹನವನ್ನು ಹಿಡಿದಿಟ್ಟುಕೊಂಡು ನಡೆಯುವ ವೇಗದಲ್ಲಿ ಇಳಿಸುತ್ತದೆ. ಈ ಕಾರಣಕ್ಕಾಗಿ ರೆನೋ ಡಸ್ಟರ್‌ನ ಎಡಬ್ಲ್ಯೂಡಿ (ನಾಲ್ಕೂ ಚಕ್ರಗಳ ಚಾಲನೆಯ) ಮಾದರಿಯನ್ನು ಬಿಟ್ಟೆ. ಅದು ಒಳ್ಳೆಯ ವಾಹನವೇ, ಆದರೆ ಅದರಲ್ಲಿ ಲೋ ರೇಂಜ್ ಇಲ್ಲ. ಮಾರುತಿ ಜಿಮ್ನಿಯಲ್ಲಿ ಲೋ ರೇಂಜ್ ಇದೆ, ಆದರೆ ಕುಳಿತುಕೊಳ್ಳಲು ನಾಲ್ಕೇ ಜನ. ಹಳೆಯ ಮೂರು ಬಾಗಿಲಿನ ಥಾರ್‌ನ ಹಿಂದಿನ ಸೀಟಿಗೆ ತಾಯಿಯನ್ನು ಹತ್ತಿಸುವುದು ಸಾಧ್ಯವಿರಲಿಲ್ಲ. ಫಾರ್ಚೂನರ್‌ನ ಬೆಲೆ ಎಷ್ಟು ವರ್ಷ ಕಳೆದರೂ ನಮ್ಮ ಕೈಗೆ ಎಟಕುವಷ್ಟು ಇಳಿಯುವುದಿಲ್ಲ. ಫೋರ್ಡ್ ಕಂಪನಿಯು ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿದ ಮೇಲೆ ಎಂಡೆವರ್‌ನ ಬಿಡಿಭಾಗಗಳಿಗೆ ಮುಂದೆ ಅಲೆಯಬೇಕಾದೀತು ಎನಿಸಿ ಅದನ್ನೂ ಬಿಟ್ಟೆ. ಕೊನೆಗೆ ಉಳಿದವು ಮಹೀಂದ್ರ ಸ್ಕಾರ್ಪಿಯೋದ ಫೋರ್ ಬೈ ಫೋರ್ ಮತ್ತು ಟಾಟಾ ಸಫಾರಿ ಸ್ಟಾರ್ಮ್‌ನ ಫೋರ್ ಬೈ ಫೋರ್.

ಇವೆರಡರಲ್ಲಿ ಯಾವುದನ್ನು ಕೊಂಡರೂ ಹೊಗೆ ಮಾಲಿನ್ಯದ ಹಳೆಯ ಮಾನದಂಡವಾದ ಬಿಎಸ್-4 ಕಾಲದ್ದನ್ನೇ ಕೊಳ್ಳುವುದೆಂದು ನಿಶ್ಚಯಿಸಿದ್ದೆ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ತುಂಬಿದ ಮಸಿ ಸುಟ್ಟುಹೋಗಬೇಕಾದರೆ ವಾಹನವು ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ನಿಧಾನವಾಗಿ ಓಡುವ ನಮ್ಮ ವಾಹನಕ್ಕೆ ಅದು ತಲೆನೋವು. ಇನ್ನು ಸಫಾರಿ ಎಂಬ ಹೆಸರಿನ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. 2012ರಿಂದ 2019ರವರೆಗೆ ಬಂದ ಸ್ಟಾರ್ಮ್ ಬೇರೆ, 2021ರಲ್ಲಿ ಅದೇ ಹೆಸರಿನಲ್ಲಿ ಬಂದ ಹೊಸ ಸಫಾರಿ ಬೇರೆ. ಹೊಸತಕ್ಕೆ ಮುಂಚಕ್ರಗಳಿಂದ ಮಾತ್ರ ಚಾಲನೆ. ಸ್ಟಾರ್ಮ್‌ಗಳಲ್ಲಿಯೂ ಹೆಚ್ಚಿನವು ಹಿಂಚಕ್ರ ಚಾಲನೆಯವು. ಫೋರ್ ಬೈ ಫೋರ್ ಎಂದು ಬಾಗಿಲಿಗೆ ಅಂಟಿಸಿದ ಅಕ್ಷರಗಳನ್ನು ನಂಬದೆ, ಆರ್‌ಸಿಯಲ್ಲಿ ಮಾದರಿಯ ಹೆಸರು ಏನಿದೆ, ಡ್ಯಾಶ್‌ಬೋರ್ಡಿನಲ್ಲಿ ಫೋರ್ ಬೈ ಫೋರ್ ಹಾಕಲು ತಿರುಗಿಸುವ ಗುಂಡಿ ಇದೆಯೇ, ಕೆಳಗೆ ಮುಂಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇದೆಯೇ ಎಂದು ನೋಡಿಕೊಳ್ಳಬೇಕು.

ಹುಡುಕಾಟ ಕಾಸರಗೋಡು, ಕಾಞಂಗಾಡು, ಮಂಗಳೂರು, ಪುತ್ತೂರು, ಸುಳ್ಯಗಳ ನಡುವೆ ನಡೆಯಿತು. ಡೀಸೆಲ್ ವಾಹನಗಳಿಗೆ ದೆಹಲಿಯಲ್ಲಿ 10 ವರ್ಷಗಳ ಮಿತಿ ಬಂದ ಮೇಲೆ ಅಲ್ಲಿನ ಹಳೆಯ ವಾಹನಗಳು ಕಡಿಮೆ ಬೆಲೆಗೆ ಕೇರಳಕ್ಕೆ ಬರುತ್ತಿವೆ, ಅವುಗಳನ್ನು ನೋಡಿ ಎಂದು ಕೆಲವರು ಸೂಚಿಸಿದರು. ಆದರೆ ವಾಹನ ಯಾವ ಊರಿನ ಯಾವ ಕೆಲಸದಲ್ಲಿ ದುಡಿದಿದೆ ಎಂದು ಅದನ್ನು ಓಡಿಸಿದವರ ಬಾಯಿಂದಲೇ ಕೇಳದೆ ಫೋರ್ ಬೈ ಫೋರ್ ಕೊಳ್ಳಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕಿಲೋಮೀಟರ್ ಎಷ್ಟಾಗಿದೆ ಎಂಬುದಕ್ಕಿಂತ ಆ ಕಿಲೋಮೀಟರ್‌ಗಳು ಎಲ್ಲಿ ಆದವು ಎಂಬುದು ಮುಖ್ಯ.

ನೋಡಿದ ವಾಹನಗಳಲ್ಲಿ ಒಂದು ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ನನ್ನೊಂದಿಗೆ ಬಂದಿದ್ದ ಬದಿಯಡ್ಕದ ಮೆಕ್ಯಾನಿಕ್ ಬಾನೆಟ್ಟನ್ನು ತೆರೆಯುವ ಮೊದಲೇ ಹಿಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರು. ದಿನವೂ ಕಣ್ಣಿಗೆ ಬೀಳುವ ಭಾಗ ಶುಚಿಯಾಗಿತ್ತು. ಸುರುಳಿಯೊಳಗೆ ಅಡಗಿದ್ದ ಕೊನೆಯ ಗೇಣಿನಷ್ಟು ಪಟ್ಟಿಯ ಮೇಲೆ ಒಣಗಿದ ಮಣ್ಣಿನ ಗೆರೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ಸೀಟಿನ ಕೆಳಗಿನ ಬೋಲ್ಟುಗಳ ತಲೆಗೆ ತುಕ್ಕು ಹಿಡಿದಿತ್ತು. ನೆರೆಯಲ್ಲಿ ಮುಳುಗಿದ ವಾಹನವೆಂದು ತಿಳಿಯಲು ಇಷ್ಟೇ ಸಾಕಿತ್ತು. 2018ರ ಆಗಸ್ಟ್ ತಿಂಗಳ ನೆರೆಯ ನಂತರ ಕೇರಳದ ಹಳೆಯ ವಾಹನ ಕೊಳ್ಳುವವರು ಈ ಪರೀಕ್ಷೆಯನ್ನು ಬಿಡಲೇಬಾರದು, ಏಕೆಂದರೆ ನೀರು ಹೊಕ್ಕ ವಯರಿಂಗಿನ ತೊಂದರೆಗಳು ವರ್ಷಗಳ ಮೇಲೆ ಒಂದೊಂದಾಗಿ ತಲೆ ಎತ್ತುತ್ತವೆ.

ಇನ್ನೊಂದು ವಾಹನ ನಮ್ಮದೇ ಸೀಮೆಯ ಅಡಿಕೆ ತೋಟದಲ್ಲಿ ದುಡಿದದ್ದು. ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ನಾವೆಲ್ಲರೂ ಮೈಲುತುತ್ತನ್ನು ಮನೆಗೆ ತರುವವರೇ. 100 ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಒದ್ದೆಯಾದ ತುತ್ತು ಕಬ್ಬಿಣವನ್ನು ತಿನ್ನುತ್ತದೆ ಎಂಬುದನ್ನು ವಾಹನದ ವಿಷಯದಲ್ಲಿ ಯಾರೂ ನೆನೆಯುವುದಿಲ್ಲ. ಹಿಂಬದಿಯ ಚಾಪೆಯನ್ನು ಮೇಲೆತ್ತಿದಾಗ ಮೂಲೆಗಳಲ್ಲಿ ತಿಳಿನೀಲಿ ಪುಡಿ ಕಟ್ಟಿಕೊಂಡಿತ್ತು, ಅದರ ಸುತ್ತ ತಗಡು ಪದರು ಪದರಾಗಿ ಏಳುತ್ತಿತ್ತು, ಸ್ಕ್ರೂಡ್ರೈವರಿನ ತುದಿಯನ್ನು ಮೆಲ್ಲಗೆ ಒತ್ತಿದಲ್ಲಿ ಅದು ಒಳಗೆ ಹೋಯಿತು. ಅಡಿಕೆ ಕೃಷಿಕರಿಂದ ವಾಹನ ಕೊಳ್ಳುವವರು ಚಾಪೆ ಎತ್ತಿ ನೋಡದೆ ಮಾತು ಮುಂದುವರಿಸಬೇಡಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಉಪ್ಪಳ, ಕುಂಬಳೆ, ಬೇಕಲದಂಥ ಕಡಲ ಬದಿಯ ಊರುಗಳ ವಾಹನವಾದರೆ ಇದೇ ಎಚ್ಚರಿಕೆಯನ್ನು ವಾಹನದ ಅಡಿ ಚೌಕಟ್ಟಾದ ಚಾಸಿಸ್‌ನ ವಿಷಯದಲ್ಲಿ ತೆಗೆದುಕೊಳ್ಳಬೇಕು. ಮಾರುವ ಮೊದಲು ಅಡಿಭಾಗಕ್ಕೆ ಬಳಿದ ಹೊಸ ಕಪ್ಪು ಬಣ್ಣ ಕಂಡರೆ ನಾನು ಸಂತೋಷಪಡುವುದಿಲ್ಲ. ಸಣ್ಣ ಸುತ್ತಿಗೆಯಿಂದ ಚಾಸಿಸ್‌ನ ಉದ್ದಕ್ಕೂ ತಟ್ಟುತ್ತಾ ಹೋದರೆ ಗಟ್ಟಿ ಕಬ್ಬಿಣ ಖಣಿಲೆನ್ನುತ್ತದೆ, ತುಕ್ಕು ತಿಂದ ಜಾಗ ಮಂದವಾಗಿ ಸದ್ದು ಮಾಡುತ್ತದೆ.

ಮತ್ತೊಂದು ವಾಹನದ ಮಾಲೀಕರು, ತಾವು ಇದನ್ನು ಒಮ್ಮೆಯೂ ಫೋರ್ ಬೈ ಫೋರ್‌ಗೆ ಹಾಕಿದ್ದೇ ಇಲ್ಲ, ಆ ಭಾಗ ಹೊಸತಾಗಿಯೇ ಇದೆ ಎಂದು ಅಭಿಮಾನದಿಂದ ಹೇಳಿದರು. ನನ್ನ ದೃಷ್ಟಿಯಲ್ಲಿ ಅದು ಹೊಗಳಿಕೆಯ ಮಾತಲ್ಲ. ವರ್ಷಗಟ್ಟಲೆ ತಿರುಗದ ಮುಂದಿನ ಆಕ್ಸಲ್ಲಿನಲ್ಲಿ ಎಣ್ಣೆ ಮೇಲಿನ ಭಾಗಗಳಿಗೆ ತಲುಪುವುದಿಲ್ಲ, ಸೀಲುಗಳು ಒಣಗುತ್ತವೆ, ಗೇರು ಬದಲಿಸುವ ವಿದ್ಯುತ್ ಮೋಟಾರು ಹಿಡಿದುಕೊಳ್ಳುತ್ತದೆ. ಗುಂಡಿ ತಿರುಗಿಸಿದಾಗ ಮೀಟರಿನಲ್ಲಿ ದೀಪ ಮಿನುಗುತ್ತಲೇ ಇತ್ತೇ ಹೊರತು ಲೋ ರೇಂಜ್ ಬೀಳಲಿಲ್ಲ. ನಿಯಮಿತವಾಗಿ ಕೆಲಸ ಮಾಡಿಸಿ, ಕಾಲಕಾಲಕ್ಕೆ ಎಣ್ಣೆ ಬದಲಿಸಿದ ಫೋರ್ ಬೈ ಫೋರ್, ಸುಮ್ಮನೆ ನಿಲ್ಲಿಸಿಟ್ಟದ್ದಕ್ಕಿಂತ ಎಷ್ಟೋ ಮೇಲು.

ಅಂಥದ್ದು ಸಿಕ್ಕಿದ್ದು ಪುತ್ತೂರು ತಾಲೂಕಿನ ಕೃಷಿಕರೊಬ್ಬರ ಮನೆಯಲ್ಲಿ. 2016ರ ಸ್ಟಾರ್ಮ್, ವೇರಿಕೋರ್ 400 ಎಂಜಿನ್, ಆರು ಗೇರು, ಕೆಎ-21 ನೋಂದಣಿ. 2.2 ಲೀಟರಿನ ಈ ಎಂಜಿನ್ 156 ಪಿಎಸ್ ಶಕ್ತಿಯನ್ನೂ 400 ಎನ್‌ಎಂ ಟಾರ್ಕನ್ನೂ (ತಿರುಗಿಸುವ ಬಲ) ಕೊಡುತ್ತದೆ; ಏರಿನಲ್ಲಿ ಬೇಕಾಗುವುದು ಈ ಎರಡನೆಯ ಸಂಖ್ಯೆ. ಅವರು ತಮ್ಮ ರಬ್ಬರು ಗುಡ್ಡಕ್ಕೆ ಮಳೆಗಾಲದಲ್ಲಿ ಇದರಲ್ಲೇ ಹೋಗುತ್ತಿದ್ದರು. ಎಂಜಿನ್, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಆಕ್ಸಲ್ಲಿನ ಗೇರುಪೆಟ್ಟಿಗೆಗಳಾದ ಹಿಂದಿನ ಮತ್ತು ಮುಂದಿನ ಡಿಫರೆನ್ಶಿಯಲ್‌ಗಳ ಎಣ್ಣೆಯನ್ನು ಬದಲಿಸಿದ ದಿನಾಂಕಗಳನ್ನು ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದರು. ಆ ಡೈರಿಯನ್ನು ನೋಡಿದಾಗಲೇ ನನಗೆ ಅರ್ಧ ಧೈರ್ಯ ಬಂದಿತ್ತು.

ಉಳಿದ ಅರ್ಧಕ್ಕಾಗಿ ಪರೀಕ್ಷೆಯನ್ನು ಕ್ರಮವಾಗಿ ಮಾಡಿದೆವು. ಬೆಳಿಗ್ಗೆ ನಾವು ಬರುವ ಮೊದಲು ಎಂಜಿನ್ ಚಾಲೂ ಮಾಡಬಾರದೆಂದು ಮೊದಲೇ ವಿನಂತಿಸಿಕೊಂಡಿದ್ದೆ. ಬಿಸಿ ಎಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ. ತಣ್ಣಗಿದ್ದ ಎಂಜಿನ್ ಒಂದೇ ಸುತ್ತಿಗೆ ಹಿಡಿಯಿತು, ನೀಲಿ ಹೊಗೆ ಬರಲಿಲ್ಲ, ಎಣ್ಣೆಯ ಮುಚ್ಚಳ ತೆಗೆದಾಗ ಗಾಳಿ ರಭಸದಿಂದ ನುಗ್ಗಲಿಲ್ಲ. ಟಯರ್ ಅಂಗಡಿಯ ಲಿಫ್ಟಿಗೆ ಏರಿಸಿ ಮುಂದಿನ ಆಕ್ಸಲ್ಲುಗಳ ರಬ್ಬರು ಬೂಟುಗಳನ್ನು ಬೆರಳಿನಿಂದ ಬಿಡಿಸಿ ನೋಡಿದೆವು. ಒಂದರಲ್ಲಿ ಬಿರುಕು ಬಿಟ್ಟು ಗ್ರೀಸು ಸುತ್ತಲೂ ಸಿಡಿದಿತ್ತು. ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಲು ಅವರು ಒಪ್ಪಿದರು. ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ಕೈಗಳಲ್ಲಿ ಹಿಡಿದು ತಿರುಚಿದಾಗ ಕೀಲಿನಲ್ಲಿ ಸಡಿಲವಿರಲಿಲ್ಲ. ಮೆಕ್ಯಾನಿಕ್ ಮುಂದಿನ ಡಿಫರೆನ್ಶಿಯಲ್ಲಿನ ಬಿರಡೆ ಸಡಿಲಿಸಿ ನಾಲ್ಕು ಹನಿ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ಬೀಳಿಸಿ ಬಿಸಿಲಿಗೆ ಹಿಡಿದರು. ನೀರು ಸೇರಿದ್ದರೆ ಅದು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಗೇರು ಸವೆದಿದ್ದರೆ ಹೊಳೆಯುವ ಕಣಗಳು ಕಾಣುತ್ತವೆ. ನಮಗೆ ಕಂಡದ್ದು ಬರಿಯ ಕಂದು ಎಣ್ಣೆ.

ನಾಲ್ಕು ಟಯರುಗಳೂ ಒಂದೇ ಅಳತೆಯವೇ, ಒಂದೇ ಮಟ್ಟಕ್ಕೆ ಸವೆದಿವೆಯೇ ಎಂಬುದು ಈ ವಾಹನಗಳಲ್ಲಿ ಬಹಳ ಮುಖ್ಯ. ಸ್ಟಾರ್ಮ್‌ನಂಥ ವಾಹನದಲ್ಲಿ ಫೋರ್ ಬೈ ಫೋರ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಟಯರಿನ ಸುತ್ತಳತೆಯಲ್ಲಿ ವ್ಯತ್ಯಾಸವಿದ್ದರೆ ಆ ಎಳೆದಾಟವನ್ನೆಲ್ಲ ಟ್ರಾನ್ಸ್‌ಫರ್ ಕೇಸ್ ಸಹಿಸಬೇಕಾಗುತ್ತದೆ. ಒಣ ಡಾಮರಿನ ಮೇಲೆ ಫೋರ್ ಬೈ ಫೋರ್ ಹಾಕಿ ತಿರುವು ತೆಗೆದುಕೊಳ್ಳಬಾರದು ಎಂಬುದಕ್ಕೂ ಇದೇ ಕಾರಣ. ಆದ್ದರಿಂದ ಪರೀಕ್ಷೆಯನ್ನು ಅವರ ರಬ್ಬರು ಗುಡ್ಡದ ಮಣ್ಣಿನ ದಾರಿಯಲ್ಲಿಯೇ ಮಾಡಿದೆ. ನಿಧಾನವಾಗಿ ಓಡುತ್ತಿರುವಾಗ ಫೋರ್ ಹೈ (ಸಾಮಾನ್ಯ ಗೇರಿನ ಫೋರ್ ಬೈ ಫೋರ್), ನಂತರ ಪೂರ್ತಿ ನಿಲ್ಲಿಸಿ ಕ್ಲಚ್ ಒತ್ತಿ ಫೋರ್ ಲೋ (ಲೋ ರೇಂಜ್). ಎರಡೂ ತಡವರಿಸದೆ ಬಿದ್ದವು. ಲೋ ರೇಂಜಿನಲ್ಲಿ ಏರಿನ ನಡುವೆ ನಿಲ್ಲಿಸಿ ಮತ್ತೆ ಎತ್ತಿದಾಗಲೂ, ಅದೇ ಏರನ್ನು ಹಿಮ್ಮುಖವಾಗಿ ಹತ್ತಿಸಿದಾಗಲೂ ಕೆಳಗಿನಿಂದ ಯಾವ ಬಡಿತದ ಸದ್ದೂ ಬರಲಿಲ್ಲ.

ಮನೆಮಂದಿಯ ಪರೀಕ್ಷೆಯೂ ನಡೆಯಿತು. ತಾಯಿಯನ್ನು ಕರೆದುಕೊಂಡು ಹೋಗಿ ಹತ್ತಿಸಿ ಇಳಿಸಿ ನೋಡಿದೆ. ನೆಲದಿಂದ 200 ಮಿಲಿಮೀಟರ್ ಎತ್ತರವಿರುವ ವಾಹನದಲ್ಲಿ ಪಕ್ಕದ ಮೆಟ್ಟಿಲಿಲ್ಲದೆ ಅವರಿಗೆ ಹತ್ತಲಾಗುತ್ತಿರಲಿಲ್ಲ. ಮೆಟ್ಟಿಲು ಉಬ್ಬು ಕಲ್ಲಿಗೆ ತಾಗುತ್ತದೆ, ತೆಗೆಸಿಬಿಡಿ ಎಂದು ಸಲಹೆ ಕೊಟ್ಟವರಿದ್ದರು, ನಾನು ಉಳಿಸಿಕೊಂಡೆ. ಸ್ಟಾರ್ಮ್‌ನ ಕೊನೆಯ ಸಾಲಿನಲ್ಲಿ ಬದಿಗೆ ಮುಖ ಮಾಡಿದ ಎರಡು ಮಡಚುವ ಸೀಟುಗಳಿವೆ. ಆಸನ ಏಳೆಂದು ಲೆಕ್ಕವಿದ್ದರೂ ಅಲ್ಲಿ ಮಕ್ಕಳನ್ನು ಕೂರಿಸಬಾರದು. ಅಪಘಾತದಲ್ಲಿ ಬದಿಗೆ ಕುಳಿತ ದೇಹಕ್ಕೆ ರಕ್ಷಣೆ ಬಹಳ ಕಡಿಮೆ. ನಮ್ಮ ಮನೆಯಲ್ಲಿ ಅದು ಸಾಮಾನಿನ ಜಾಗ. ಮಕ್ಕಳು ನಡುವಿನ ಸಾಲಿನಲ್ಲಿ ಬೆಲ್ಟು ಹಾಕಿಕೊಂಡೇ ಕುಳಿತುಕೊಳ್ಳಬೇಕು.

ಬೆಲೆ ಮಾತಾಡುವಾಗ ಕೈಯಲ್ಲಿದ್ದ ಹಣದ ಐದನೆಯ ಒಂದು ಭಾಗವನ್ನು ಟಯರು, ಎಣ್ಣೆ, ಬುಷ್ ಮತ್ತು ತೆರಿಗೆಗೆಂದು ಬದಿಗಿಟ್ಟೇ ಮಾತಾಡಿದ್ದೆ. ಗಡಿ ದಾಟಿ ವಾಹನ ತರುವವರಿಗೆ ತೆರಿಗೆ ಸಣ್ಣ ಮಾತಲ್ಲ. ಕರ್ನಾಟಕದಲ್ಲಿ ಆಜೀವ ತೆರಿಗೆ ಕಟ್ಟಿದ್ದರೂ ಕೇರಳದಲ್ಲಿ ವಾಹನದ ಮೂಲ ಬೆಲೆ ಮತ್ತು ವಯಸ್ಸನ್ನು ನೋಡಿ ಮತ್ತೆ ಕಟ್ಟಬೇಕು. ಗಡಿಯ ತಲಪಾಡಿಯಿಂದ ಈಚೆಗೆ, ಕೇರಳದೊಳಗೆ, ಕೆಎ ನಂಬರಿನಲ್ಲಿಯೇ ಎಷ್ಟೋ ವರ್ಷ ಓಡಿಸುವವರನ್ನು ನಾವು ನೋಡುತ್ತೇವೆ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಳ್ಳುವುದಾದರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಲೇಬೇಕು.

ಮಾರುವವರ ಬ್ಯಾಂಕ್ ಸಾಲ ತೀರಿತ್ತಾದರೂ ಆರ್‌ಸಿಯಲ್ಲಿ ಅದರ ನಮೂದು ಉಳಿದಿತ್ತು. ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ಉಳಿದ ಹಣ ಕೊಟ್ಟೆ. ನಂತರ ಫಾರ್ಮ್ 28ರಲ್ಲಿ ನಿರಾಕ್ಷೇಪಣಾ ಪತ್ರ, 29 ಮತ್ತು 30ರಲ್ಲಿ ಮಾಲೀಕತ್ವದ ವರ್ಗಾವಣೆ, 27ರಲ್ಲಿ ಹೊಸ ಸಂಖ್ಯೆಗೆ ಅರ್ಜಿ. ಹಳೆಯ ವಿಮಾ ಪಾಲಿಸಿಯನ್ನು ಮೊದಲೇ ಕೇಳಿ ನೋಡಿದ್ದರಿಂದ ಒಂದು ಒಳ್ಳೆಯ ಮಾಹಿತಿ ಸಿಕ್ಕಿತ್ತು: ಅವರಿಗೆ 50 ಶೇಕಡಾ ನೋ ಕ್ಲೇಮ್ ಬೋನಸ್ ಇತ್ತು. ಐದು ವರ್ಷ ಒಂದೂ ಕ್ಲೇಮ್ ಮಾಡದವರಿಗೆ ಸಿಗುವ ಗರಿಷ್ಠ ರಿಯಾಯಿತಿ ಅದು, ಹಾಗಾಗಿ ದೊಡ್ಡ ಅಪಘಾತವಾಗಿಲ್ಲ ಎಂಬುದಕ್ಕೆ ಒಂದು ಆಧಾರ. ಆ ಬೋನಸ್ ಮಾರಿದವರದ್ದೇ, ವಾಹನದ ಜೊತೆ ನಮಗೆ ಬರುವುದಿಲ್ಲ. ವಿಮೆಯನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಕೊಡಬೇಕು. ಕಾಸರಗೋಡಿನ ಸಾರಿಗೆ ಕಚೇರಿಯಲ್ಲಿ ಚಾಸಿಸ್ ಸಂಖ್ಯೆಯ ತಪಾಸಣೆ ಮುಗಿದು ಕೆಎಲ್-14 ಸಂಖ್ಯೆ ಬಂದ ಮೇಲೆ, ಹೊಸ ಆರ್‌ಸಿಯ ಮತ್ತು ಇಲ್ಲಿ ಕಟ್ಟಿದ ತೆರಿಗೆಯ ರಶೀದಿಯ ಪ್ರತಿಗಳನ್ನು ಲಗತ್ತಿಸಿ, ಕರ್ನಾಟಕದಲ್ಲಿ ಕಟ್ಟಿದ್ದ ತೆರಿಗೆಯ ಉಳಿದ ಅವಧಿಯ ಪಾಲನ್ನು ಹಿಂದಿರುಗಿಸಬೇಕೆಂದು ಪುತ್ತೂರಿನ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಮಾರಿದವರ ಸಹಿ ಬೇಕಾದ ಕಾಗದಗಳನ್ನು ವ್ಯವಹಾರದ ದಿನವೇ ಪಡೆದಿಟ್ಟುಕೊಂಡಿದ್ದರಿಂದ ಅವರನ್ನು ಮತ್ತೆ ಅಲೆದಾಡಿಸಬೇಕಾಗಲಿಲ್ಲ.